ಕೆಲಸದ ಕಂಪ್ಯೂಟರಿಗೆ ಬೀಟಾ ಹಾಕೋದಾ, ಬ್ಯಾಡಾ?

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಡಿಟಿಪಿ ಅಂಗಡಿ, ಗಂಜಿನ (ಧಾನ್ಯ ಮಾರುಕಟ್ಟೆಯ) ಅಡತಿ ಲೆಕ್ಕದ ಕೋಣೆ, ಹೈಕೋರ್ಟ್ ಪೀಠದ ವಕೀಲರ ಕಚೇರಿ, ಮೂರೂ ಕಡೆ ಕೇಳಿಬರುವ ಪ್ರಶ್ನೆ ಒಂದೇ: "ಹೊಸ ವಿಂಡೋಸ್ ಬೀಟಾ ಬಂದದಂತ, ಹಾಕ್ಲೇನ್ರಿ?" ಬೀಟಾ ಅಂದರೆ ಎಲ್ಲರಿಗೂ ಬಿಡುವ ಮುಂಚೆ ಪರೀಕ್ಷೆಗೆಂದು ಕೊಡುವ ಆವೃತ್ತಿ. ಇರುವುದು ಒಂದೇ ಕಂಪ್ಯೂಟರ್, ಗಿರಾಕಿಯ ಕೆಲಸವೂ ಅದರಲ್ಲೇ ನಡೆಯುತ್ತದೆ ಅಂದರೆ ಬ್ಯಾಡ. ಎರಡನೆಯ ಡಿಸ್ಕ್ ಇದ್ದರೆ ಧಾರಾಳವಾಗಿ ಹಾಕಿ.

ಬೀಟಾ ಅಂದಕೂಡಲೇ ಜನ ನೀಲಿ ಪರದೆಗೆ ಹೆದರುತ್ತಾರೆ. ಅದಕ್ಕಿಂತ ಹೆಚ್ಚು ಕಾಡುವುದು ವಾಪಸ್ ಬರುವ ದಾರಿ ಮತ್ತು ಯುಎಸ್‌ಬಿಗೆ ಸಿಕ್ಕಿಸಿದ ಸಾಮಾನು.

ಮೊದಲು ದಾರಿಯ ಮಾತು. ಇಂಥ ಪರೀಕ್ಷಾ ಆವೃತ್ತಿ ಹಂಚುವ ಮೈಕ್ರೋಸಾಫ್ಟ್ ಯೋಜನೆಯ ಹೆಸರು ವಿಂಡೋಸ್ ಇನ್ಸೈಡರ್. ಅದರ ಕ್ಯಾನರಿ, ಡೆವ್, ಬೀಟಾ, ರಿಲೀಸ್ ಪ್ರಿವ್ಯೂ ಚಾನೆಲ್‌ಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ರಿಲೀಸ್ ಪ್ರಿವ್ಯೂನಲ್ಲಿ ಬರುವುದು ಕೆಲವೇ ದಿನಗಳಲ್ಲಿ ಎಲ್ಲರಿಗೂ ಸಿಗಲಿರುವ ಬಿಲ್ಡ್ (ನಂಬರ್ ಹಾಕಿದ ವಿಂಡೋಸ್ ಆವೃತ್ತಿ). ಕ್ಯಾನರಿಯಲ್ಲಿ ಬರುವ ಬಿಲ್ಡ್‌ಗೆ ಅಂಥ ಹಂಗಿಲ್ಲ. ಇಲ್ಲಿ ನಿಯಮ ಸರಳ: ಈಗಿರುವ ಬಿಲ್ಡ್ ನಂಬರ್‌ಗಿಂತ ಸಣ್ಣ ನಂಬರಿಗೆ ಇಳಿಯಬೇಕೆಂದರೆ ಡಿಸ್ಕ್ ಒರೆಸಿ ಹೊಸದಾಗಿ ಇನ್‌ಸ್ಟಾಲ್ ಮಾಡಬೇಕು. ಆದ್ದರಿಂದ ಹಾಕುವ ಮುಂಚೆಯೇ ರನ್ ಬಾಕ್ಸ್‌ನಲ್ಲಿ ವಿನ್‌ವರ್ (winver) ಅಂತ ಟೈಪಿಸಿ, ಕಾಣುವ ನಂಬರನ್ನು ಚೀಟಿಯಲ್ಲಿ ಬರೆದಿಡಿ.

"ಸೆಟ್ಟಿಂಗ್ಸ್‌ನಲ್ಲಿ ಗೋ ಬ್ಯಾಕ್ ಅದ ಅಲ್ರೀ" ಎನ್ನುವವರಿದ್ದಾರೆ. ಅದ, ಆದರೆ ಸಾಮಾನ್ಯವಾಗಿ 10 ದಿನ ಮಾತ್ರ. ಆ ಅವಧಿ ಮುಗಿಯುವ ಮೊದಲೇ ವಿಂಡೋಸ್‌ನದೇ ಡಿಐಎಸ್ಎಂ (DISM) ಎಂಬ ಕಮಾಂಡ್ ಕೊಟ್ಟರೆ 60 ದಿನದವರೆಗೆ ಹಿಗ್ಗಿಸಬಹುದು. ಬಹಳ ಮಂದಿಗೆ ತಿಳಿಯದ ಸಂಗತಿ ಇನ್ನೊಂದಿದೆ. ಗೋ ಬ್ಯಾಕ್ ಕರೆದೊಯ್ಯುವುದು ಹಿಂದಿನ ಒಂದು ಬಿಲ್ಡ್‌ಗೆ ಮಾತ್ರ. ಬೀಟಾ ಹಾಕಿದ ವಾರಕ್ಕೇ ಇನ್ನೊಂದು ಪೂರ್ಣ ಬಿಲ್ಡ್ ಬಂದು ಕುಳಿತರೆ, ವಿಂಡೋಸ್ ಡಾಟ್ ಓಲ್ಡ್ ಫೋಲ್ಡರಿನಲ್ಲಿ ಉಳಿಯುವುದು ಮೊದಲ ಬೀಟಾ. ನಿಮ್ಮ ಹಳೆಯ ಸ್ಥಿರ ವಿಂಡೋಸ್ ಅಲ್ಲಿಗೆ ಹೋಯಿತು. ಜಾಗ ಸಾಲದೆಂದು ಡಿಸ್ಕ್ ಕ್ಲೀನಪ್ ಓಡಿಸಿ ಆ ಫೋಲ್ಡರನ್ನೇ ಅಳಿಸಿಬಿಟ್ಟರೆ ಬಟನ್ನೂ ಮಾಯ.

ಹಾಗಾಗಿ ನಂಬಬೇಕಾದದ್ದು ಪೂರ್ತಿ ಡಿಸ್ಕಿನ ಇಮೇಜ್ ಅನ್ನು, ಅಂದರೆ ತದ್ರೂಪ ನಕಲನ್ನು. ಕ್ಲೋನ್‌ಜಿಲ್ಲಾ ಉಚಿತ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಹೊರಗಿನ ಹಾರ್ಡ್‌ಡಿಸ್ಕಿಗೆ ಇಮೇಜ್ ತೆಗೆದು, ಕಳಚಿ ಬೀರುವಿನಲ್ಲಿಡಿ. ಇಮೇಜ್ ತೆಗೆದ ಪೆನ್‌ಡ್ರೈವ್ ಮತ್ತೆ ಬೂಟ್ ಆಗುತ್ತದೆಯೇ ಎಂದೂ ನೋಡಿ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ ಕೀಯನ್ನು ಕಾಗದದ ಮೇಲೆ ಇಳಿಸಿಕೊಳ್ಳಿ: ವಿಂಡೋಸ್ 11ರ 24ಎಚ್2ನಿಂದ, ಹೊಸದಾಗಿ ಇನ್‌ಸ್ಟಾಲ್ ಮಾಡಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದರೆ ಎನ್‌ಕ್ರಿಪ್ಶನ್ ತಾನೇ ಆನ್ ಆಗುತ್ತದೆ. ಬೂಟ್ ವ್ಯವಸ್ಥೆ ಸ್ವಲ್ಪ ಬದಲಾದರೂ 48 ಅಂಕಿಯ ಕೀ ಕೇಳಬಹುದು. ಅದನ್ನು ಹುಡುಕಲು ಅದೇ ಕಂಪ್ಯೂಟರ್ ತೆರೆಯಬೇಕೆಂದರೆ ಹೇಗೆ?

ಇನ್ನು ಸಾಮಾನಿನ ಕಥೆ. ಡಿಜಿಟಲ್ ಸಹಿಯ ಟೋಕನ್ ಕೆಲಸ ಮಾಡಲು ಟೋಕನ್ ಡ್ರೈವರ್, ಸಹಿ ಹಾಕಿಸುವ ಪ್ರೋಗ್ರಾಂ, ಬ್ರೌಸರ್ ಮೂರೂ ಕೂಡಿ ಮಾತಾಡಬೇಕು. ಒಂದು ಕೊಂಡಿ ಕಳಚಿದರೂ ಜಿಎಸ್‌ಟಿ ಪೋರ್ಟಲ್ ಸುಮ್ಮನೆ ತಿರುಗುತ್ತಲೇ ಇರುತ್ತದೆ. ಹೊಸ ಬಿಲ್ಡ್‌ಗಳಲ್ಲಿ ಕೋರ್ ಐಸೊಲೇಶನ್ ಎಂಬ ವಿಂಡೋಸ್ ರಕ್ಷಣೆ ಬಿಗಿಯಾದಷ್ಟೂ ಹಳೆಯ ಡ್ರೈವರ್‌ಗಳು ಲೋಡ್ ಆಗದೆ ಹೊರಗುಳಿಯುತ್ತವೆ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ ಕಂಡರೆ ಕಾರಣವನ್ನು ಮೊದಲು ಕೋರ್ ಐಸೊಲೇಶನ್‌ನಲ್ಲಿ ಹುಡುಕಿ. ಡ್ರೈವರಿಗಾಗಿ ಆ ರಕ್ಷಣೆಯನ್ನೇ ಆಫ್ ಮಾಡಿ ಎಂಬ ಯೂಟ್ಯೂಬ್ ಸಲಹೆಯನ್ನು, ಬ್ಯಾಂಕಿನ ಕೆಲಸ ಮಾಡುವ ಕಂಪ್ಯೂಟರಿನಲ್ಲಿ, ದಯವಿಟ್ಟು ಪಾಲಿಸಬೇಡಿ. ಆಧಾರ್ ಹೆಬ್ಬೆರಳ ಯಂತ್ರವೂ ಇದೇ ಜಾತಿ: ದೀಪ ಉರಿಯುತ್ತಿರುತ್ತದೆ, ಆದರೆ ಅದನ್ನು ನಡೆಸುವ ಆರ್‌ಡಿ ಸರ್ವೀಸ್ ಎಂಬ ಪ್ರೋಗ್ರಾಂ "ನಾಟ್ ರೆಡಿ" ಎನ್ನುತ್ತದೆ, ಹೊರಗೆ ಪಾಳಿ ಬೆಳೆಯುತ್ತದೆ.

ಕನ್ನಡದ ಪರೀಕ್ಷೆ ಬೇರೆಯೇ ಮಾಡಬೇಕು. ಹೊಸ ವ್ಯವಸ್ಥೆಯಲ್ಲಿ ವರ್ಡ್, ನೋಟ್‌ಪ್ಯಾಡ್, ಬ್ರೌಸರ್ ಮೂರರಲ್ಲೂ ಸ್ತ್ರೀ, ರಾಷ್ಟ್ರ, ವೈಶಿಷ್ಟ್ಯ, ಕರ್ತೃ, ರ‍್ಯಾಂಕ್ ಎಂದು ಟೈಪಿಸಿ. ಕೊನೆಯದು ಮುಖ್ಯ. ಅದರಲ್ಲಿ ರಕಾರದ ನಂತರ ಕಣ್ಣಿಗೆ ಕಾಣದ ಜಾಯ್ನರ್ ಒಂದಿರುತ್ತದೆ. ಅದನ್ನು ನುಂಗಿಬಿಡುವ ಪ್ರೋಗ್ರಾಂನಲ್ಲಿ ರಕಾರ ಅರ್ಕಾವೊತ್ತಾಗಿ ತಿರುಗಿ "ರ್ಯಾಂಕ್" ಎಂದು ಬೀಳುತ್ತದೆ. ಪಿಡಿಎಫ್ ಮಾಡಿ, ಅದರೊಳಗೆ ಪದ ಹುಡುಕಿ, ಪ್ರಿಂಟ್ ಕೂಡ ತೆಗೆಯಿರಿ, ಪರದೆಯ ಮೇಲೆ ಸರಿಯಿದ್ದದ್ದು ಕಾಗದದಲ್ಲಿ ಒಡೆಯುವುದುಂಟು. ನುಡಿ ತಂತ್ರಾಂಶ ಬಳಸುವವರು ಹಳೆಯ ಫಾಂಟಿನ ಒಂದು ಕಡತವನ್ನೂ ತೆರೆದು ನೋಡಿ. ಫಾಂಟ್ ಸಿಗದಿದ್ದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಕಡತ ಕೆಟ್ಟಿರುವುದಿಲ್ಲ, ಗಾಬರಿಪಡದೆ, ಸೇವ್ ಮಾಡದೆ ಮುಚ್ಚಿ.

ವಕೀಲರು ಇನ್ನೊಂದು ಯೋಚಿಸಬೇಕು. ಇನ್ಸೈಡರ್ ಆಗಲು ಐಚ್ಛಿಕ ಡಯಾಗ್ನೋಸ್ಟಿಕ್ ಡೇಟಾ ಆನ್ ಇರಲೇಬೇಕು. ಪ್ರೋಗ್ರಾಂ ಕುಸಿದಾಗ ಕಳಿಸುವ ಮೆಮೊರಿಯ ತುಣುಕಿನಲ್ಲಿ ಆಗ ತೆರೆದಿದ್ದ ಕಡತದ ಭಾಗವೂ ಅಕಸ್ಮಾತ್ ಸೇರಬಹುದೆಂದು ಮೈಕ್ರೋಸಾಫ್ಟೇ ಹೇಳುತ್ತದೆ. ಕಕ್ಷಿದಾರರ ಕಾಗದಪತ್ರ ಇರುವ ಯಂತ್ರಕ್ಕೆ ಇದೊಂದೇ ಕಾರಣ ಸಾಕು.

ಹಾಗಂತ ಸ್ಥಿರ ಆವೃತ್ತಿಯೂ ದೇವರಲ್ಲ. 2018ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ರ 1809 ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರಿನ ಕಡತಗಳನ್ನೇ ಅಳಿಸಿತು, ವಿತರಣೆ ನಿಲ್ಲಿಸಬೇಕಾಯಿತು. ಆ ದೋಷವನ್ನು ಕೆಲವು ಇನ್ಸೈಡರ್‌ಗಳು ಮೊದಲೇ ವರದಿ ಮಾಡಿದ್ದರು, ಅದು ರಾಶಿಯಲ್ಲಿ ಮುಚ್ಚಿಹೋಗಿತ್ತು. ಲಿನಕ್ಸ್ ಪಾಳೆಯದಲ್ಲಿ 2024ರ ಮಾರ್ಚ್ ಕೊನೆಗೆ ಎಕ್ಸ್‌ಜೆಡ್ ಎಂಬ ಕಂಪ್ರೆಷನ್ ಸಾಧನದಲ್ಲಿ ಕಳ್ಳಬಾಗಿಲು ಪತ್ತೆಯಾದಾಗ, ಅದು ಹೊಕ್ಕಿದ್ದದ್ದು ಡೆಬಿಯನ್ ಅನ್‌ಸ್ಟೇಬಲ್, ಫೆಡೋರಾ ರಾಹೈಡ್‌ನಂಥ ಪರೀಕ್ಷಾ ಕವಲುಗಳಿಗೆ. ಡೆಬಿಯನ್ ಸ್ಟೇಬಲ್‌ನಲ್ಲಿದ್ದವರು ಪಾರಾದರು. ಉಬುಂಟು 24.04ರ ಬೀಟಾ ಇದರಿಂದಲೇ ಒಂದು ವಾರ ತಡವಾಯಿತು.

ನಮ್ಮೂರಿನ ಎರಡು ತೊಡಕು ಡೇಟಾ ಮತ್ತು ಕರೆಂಟ್. ಒಂದೊಂದು ಪ್ರಿವ್ಯೂ ಬಿಲ್ಡ್ ಕೆಲವು ಜಿಬಿ ಇರುತ್ತದೆ, ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್ ಅದಕ್ಕೆ ಸಾಲದು. ಹಾಟ್‌ಸ್ಪಾಟನ್ನು ಸೆಟ್ಟಿಂಗ್ಸ್‌ನಲ್ಲಿ ಮೀಟರ್ಡ್ (ಡೇಟಾ ಅಳೆದು ಬಳಸುವ ಸಂಪರ್ಕ) ಎಂದು ಗುರುತಿಸಿಡಿ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದು ಮಾಡುವ ಹೊತ್ತಿನಲ್ಲಿ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ಗೆ ಅಪ್‌ಡೇಟ್ ಹಚ್ಚಬೇಡಿ: ಅರ್ಧಕ್ಕೆ ನಿಂತ ವಿಂಡೋಸ್ ಬಹುಮಟ್ಟಿಗೆ ತಾನೇ ಹಿಂದಕ್ಕೆ ಬರುತ್ತದೆ, ಅರ್ಧಕ್ಕೆ ನಿಂತ ಬಯಾಸ್ (ಬೋರ್ಡಿನ ಮೂಲ ತಂತ್ರಾಂಶ) ಅಪ್‌ಡೇಟ್ ಬೋರ್ಡನ್ನೇ ಕೆಡಿಸಬಹುದು.

ತಿಂಗಳ ಜಿಎಸ್‌ಟಿ ರಿಟರ್ನ್ ಹಾಕುವವರು 11 ಮತ್ತು 20ನೇ ತಾರೀಖಿನ ಹಿಂದಿನ ದಿನಗಳಲ್ಲಿ ಏನನ್ನೂ ಮುಟ್ಟಬೇಡಿ. ತೊಗರಿ ಗಂಜಿಗೆ ಬರುವ ಡಿಸೆಂಬರ್, ಜನವರಿಯಲ್ಲಿ ಅಡತಿಯವರು ಬಿಲ್ಡ್ ವಿಷಯವನ್ನೇ ಎತ್ತಬೇಡಿ. 371 ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಪ್ರಮಾಣಪತ್ರದ ಅರ್ಜಿಗೆ ಕೊನೆಯ ದಿನ ಅಂತ ಜನ ನೆರೆದಾಗ ಡಿಟಿಪಿ ಅಂಗಡಿಗೂ ಇದೇ ಮಾತು.

ಇಷ್ಟರ ಮೇಲೂ ಹಾಕಬೇಕು ಅನ್ನಿಸಿದರೆ ಎರಡನೇ ಎಸ್‌ಎಸ್‌ಡಿಯೇ ಒಳ್ಳೆಯದು. ವಿಂಡೋಸ್ 11ಕ್ಕೆ ಕನಿಷ್ಠ 64 ಜಿಬಿ ಅನ್ನುತ್ತಾರೆ, 256 ಇದ್ದರೆ ಉಸಿರಾಡಲು ಜಾಗ. ಇನ್‌ಸ್ಟಾಲ್ ಮಾಡುವಾಗ ಕೆಲಸದ ಡಿಸ್ಕಿನ ಕೇಬಲ್ ಕಳಚಿಡಿ, ಇಲ್ಲದಿದ್ದರೆ ಬೂಟ್ ಫೈಲುಗಳು ಹಳೆಯ ಡಿಸ್ಕಿಗೇ ಹೋಗಿ ಅಂಟಿಕೊಳ್ಳಬಹುದು. ಎರಡೂ ವಿಂಡೋಸ್‌ಗಳಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಆದರೂ ಡಿಸ್ಕ್ ಅರೆನಿದ್ದೆಯಲ್ಲೇ ಇರುತ್ತದೆ, ಇನ್ನೊಂದು ವಿಂಡೋಸ್ ಅದರೊಳಗೆ ಬರೆದರೆ ಕಡತ ಕೆಡುತ್ತದೆ. ವರ್ಚುವಲ್ ಮೆಷಿನ್ (ಕಂಪ್ಯೂಟರಿನೊಳಗೇ ಓಡುವ ತೋರಿಕೆಯ ಕಂಪ್ಯೂಟರ್) ಕನ್ನಡ ಅಕ್ಷರ ನೋಡಲು ಸಾಕು, ಟೋಕನ್ ಮತ್ತು ಹೆಬ್ಬೆರಳ ಯಂತ್ರದ ವಿಷಯದಲ್ಲಿ ಅದರ ಸಾಕ್ಷಿ ನಂಬಬೇಡಿ.

ಯುಪಿಐ ಇರುವ ಫೋನಿಗಂತೂ ಬ್ಯಾಡ. ಪಿಕ್ಸೆಲ್‌ನಲ್ಲಿ ಬೀಟಾದ ನಡುವೆ ಹೊರಬಂದರೆ ಫೋನ್ ಪೂರ್ತಿ ಒರೆಸುತ್ತದೆ. ಐಫೋನ್‌ನಲ್ಲಿ ಬೀಟಾದಲ್ಲಿ ತೆಗೆದ ಬ್ಯಾಕಪ್ ಹಳೆಯ ಐಓಎಸ್‌ಗೆ ಇಳಿಯುವುದಿಲ್ಲ. ಮುಂಚೆಯೇ ಕಂಪ್ಯೂಟರಿಗೆ ಬ್ಯಾಕಪ್ ತೆಗೆದು, ಅದನ್ನು ಆರ್ಕೈವ್ ಎಂದು ಗುರುತಿಸಿದ್ದರೆ ಮಾತ್ರ ಉಳಿದೀತು.

ಈಗಾಗಲೇ ಬೀಟಾ ಚಾನೆಲ್‌ನಲ್ಲಿದ್ದು ಹೊರಬರಬೇಕೆನ್ನುವವರು ಸೆಟ್ಟಿಂಗ್ಸ್, ವಿಂಡೋಸ್ ಅಪ್‌ಡೇಟ್, ವಿಂಡೋಸ್ ಇನ್ಸೈಡರ್ ಪ್ರೋಗ್ರಾಂ ಒಳಗೆ "ಸ್ಟಾಪ್ ಗೆಟ್ಟಿಂಗ್ ಪ್ರಿವ್ಯೂ ಬಿಲ್ಡ್ಸ್" ತೆರೆಯಿರಿ. ಮುಂದಿನ ಸಾರ್ವಜನಿಕ ಆವೃತ್ತಿ ಬಂದಾಗ ಬಿಡುವ ಆಯ್ಕೆ ಅಲ್ಲಿ ಕಂಡರೆ ಆನ್ ಮಾಡಿ, ಅದು ಬರುವವರೆಗೆ ಚಾನೆಲ್ ಬದಲಿಸಬೇಡಿ.