ಕೆರೆ ಬಳಸಿ ಹೋಗುವ ನೀರು

ಅಮೆರಿಕದ ಮ್ಯಾಡಿಸನ್‌ನಲ್ಲಿರುವ ಮಕ್ಕಳು ನೋಡಲು ಬಂದ ಅಪ್ಪ-ಅಮ್ಮಂದಿರಿಗೆ ಮೊದಲು ತೋರಿಸುವುದು ಮೆಂಡೋಟಾ ಕೆರೆ. ದಡದಲ್ಲಿ ವಿಶ್ವವಿದ್ಯಾಲಯದ ಬಣ್ಣದ ಕುರ್ಚಿಗಳು, ಬ್ಯಾಬ್‌ಕಾಕ್ ಐಸ್‌ಕ್ರೀಮ್, ಹಾಯಿದೋಣಿಗಳು. ಐಸ್‌ಕ್ರೀಮ್ ನಿಜಕ್ಕೂ ಚೆನ್ನಾಗಿದೆ. ಕೆರೆ ಸುಮಾರು 39 ಚದರ ಕಿಲೋಮೀಟರ್, ಆಳ 80 ಅಡಿಗೂ ಹೆಚ್ಚು. ಕೋಲಾರದ ಕಡೆಯವನಿಗೆ ಅಷ್ಟು ನೀರು ಕಂಡರೇ ಹೊಟ್ಟೆಕಿಚ್ಚು.

ಆದರೆ ನಾವು ಹೋದ ದಿನ ಈಜುವ ಜಾಗಕ್ಕೆ ಬೀಗ. ದಡದುದ್ದಕ್ಕೂ ಹಸಿರು ಪಾಚಿ, ಮೂಗು ಮುಚ್ಚುವ ವಾಸನೆ. ಬೇಸಿಗೆಯಲ್ಲಿ ಹೋಗುವವರು ಮನೆ ಬಿಡುವ ಮುಂಚೆಯೇ ಬೀಚ್ ತೆರೆದಿದೆಯೇ ಎಂದು ನೋಡಿಕೊಳ್ಳಿ. ನಮ್ಮ ಪಾರ್ಕಿಂಗ್ ದುಡ್ಡು ನೀರಿಗೆ ಹೋಯಿತು.

"ಊರಿನ ಕೊಳಚೆಯೇನಪ್ಪಾ?" ಅಂದೆ.

"ಅದು ಕೆರೆಗೆ ಬರೋದೇ ಇಲ್ಲ ಮಾವ. ಇದು ಮೇಲಿನ ಹೊಲಗಳ ಸಗಣಿ, ಗೊಬ್ಬರ. ಮಳೆಗೆ ಕೊಚ್ಕೊಂಡು ಬರುತ್ತೆ," ಅಂದ ಅಳಿಯ.

ಬರೋದೇ ಇಲ್ಲ ಅಂದರೆ ಎಲ್ಲಿಗೆ ಹೋಗುತ್ತೆ? ಶಿಕಾಗೋ, ಮಿಲ್ವಾಕೀ ಎಲ್ಲ ನೋಡಿದೆವು, ಬರೆಯುವಂಥದ್ದೇನಿಲ್ಲ. ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಇದೊಂದೇ.

ಅಲ್ಲಿ ಒಳಚರಂಡಿಗೆಂದೇ ಒಂದು ಪ್ರತ್ಯೇಕ ಸಂಸ್ಥೆ ಇದೆ, ಮ್ಯಾಡಿಸನ್ ಮೆಟ್ರೋಪಾಲಿಟನ್ ಸೀವರೇಜ್ ಡಿಸ್ಟ್ರಿಕ್ಟ್. 1930ರಲ್ಲಿ ಹುಟ್ಟಿದ್ದು. ನಗರದ ಗಡಿ ಅದಕ್ಕೆ ಲೆಕ್ಕಕ್ಕಿಲ್ಲ, ಸುತ್ತಲ ಹಳ್ಳಿ-ಪಟ್ಟಣಗಳೂ ಅದರೊಳಗೇ. ಮೊದಲು ಶುದ್ಧೀಕರಿಸಿದ ನೀರು ಕೆಳಗಿನ ಕೆರೆಗಳಿಗೇ ಸೇರುತ್ತಿತ್ತು. ಪಾಚಿ ಕೊಲ್ಲಲು ಮೊನೋನಾ ಕೆರೆಗೆ ವರ್ಷಗಟ್ಟಲೆ ಮೈಲುತುತ್ತ ಸುರಿದರಂತೆ! ಕೊನೆಗೆ 1958ರಲ್ಲಿ ಪೈಪು ಹಾಕಿ, ಎಲ್ಲ ಕೆರೆಗಳನ್ನೂ ತಪ್ಪಿಸಿ, ದಕ್ಷಿಣದ ಬ್ಯಾಡ್‌ಫಿಶ್ ಹಳ್ಳಕ್ಕೆ ಬಿಟ್ಟರು. ಈಗ ದಿನಕ್ಕೆ ಸುಮಾರು 15 ಕೋಟಿ ಲೀಟರ್.

ಆ ಹಳ್ಳ ನೋಡಬೇಕೆಂದು ನಾನು ಹಟ ಹಿಡಿದೆ. ಮಗಳಿಗೆ ನಗು. ಚರಂಡಿ ನೋಡಲು ಅಮೆರಿಕಕ್ಕೆ ಬರಬೇಕಿತ್ತಾ ಎಂದಳು.

ಚರಂಡಿಯಂತಿರಲಿಲ್ಲ. ತಿಳಿನೀರು, ಒಳ್ಳೆಯ ಸೆಳೆತ, ಎರಡೂ ಬದಿ ಎತ್ತರದ ಹುಲ್ಲು. ಸೇತುವೆ ಕೆಳಗೆ ಒಬ್ಬ ಮುದುಕರು ದೋಣಿ ದಡಕ್ಕೆ ಎಳೆಯುತ್ತಿದ್ದರು. ಇದು ಮ್ಯಾಡಿಸನ್ನಿನ ನೀರಲ್ಲವೇ ಅಂದೆ. ಹೂಂ, ಅದಕ್ಕೇ ಬೇಸಿಗೆಯಲ್ಲೂ ಬತ್ತುವುದಿಲ್ಲ, ಚಳಿಗಾಲದಲ್ಲೂ ದೋಣಿ ಬಿಡಬಹುದು ಅಂದರು. ಅಪ್ಪನ ಕಾಲದಲ್ಲಿ ನಾತಕ್ಕೆ ಈ ಕಡೆ ಯಾರೂ ಸುಳಿಯುತ್ತಿರಲಿಲ್ಲವಂತೆ.

"ಅವರ ಕೆರೆ ಚೊಕ್ಕವಾಗಲಿ ಅಂತ ನಮ್ಮ ಹಳ್ಳಕ್ಕೆ ಬಿಟ್ಟರು. ಆಮೇಲೆ ನೀರು ಸುಧಾರಿಸಿತು, ಅದು ಬೇರೆ ಮಾತು."

ನಾನು ನಮ್ಮ ಕಥೆ ಹೇಳಿದೆ. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧೀಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರ.

"ಕೆರೆಗೇನಾ?" ಅವರು ಹುಟ್ಟು ಕೆಳಗಿಟ್ಟರು. "ನಾವು ಕೆರೆ ತಪ್ಪಿಸೋಕೆ ಪೈಪು ಹಾಕಿದ್ವಿ. ನೀವು ಕೆರೆ ತುಂಬಿಸೋಕಾ?"

"ಬತ್ತಿಹೋಗಿದ್ದವು."

"ನೊರೆ ಬಂತಾ?"

"ಶುರುವಿನಲ್ಲಿ ಬಂತು. ಕೋರ್ಟಿಗೂ ಹೋಯಿತು."

"ಆ ನೀರು ಕುಡೀತೀರಾ?"

"ಇಲ್ಲ. ಅದು ಭೂಮಿಗೆ ಇಂಗುತ್ತೆ, ಬೋರ್‌ವೆಲ್ಲಿನಲ್ಲಿ ಮೇಲೆ ಬರುತ್ತೆ. ಅದನ್ನ ಕುಡೀತೀವಿ."

ಅವರು ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಬೋರು ಎಷ್ಟು ಆಳ ಅಂದರು. ಸಾವಿರ ಅಡಿ ಕೊರೆದರೂ ಬರೀ ಧೂಳು ಬಂದದ್ದುಂಟು ಅಂದೆ. ನಂಬದೆ ಅಳಿಯನ ಮುಖ ನೋಡಿದರು. ಅವನು ಮೀಟರ್‌ಗೆ ಬದಲಾಯಿಸಿ ಹೇಳಲು ಹೋದ. ಅವರಿಗೆ ಬೇಕಿದ್ದದ್ದು ಅಡಿಯೇ.

"ಹಾಗಾದ್ರೆ ಬೇಡ ಅನ್ನೋಕಾಗಲ್ಲ," ಅಂದರು. "ಆದರೆ ಇನ್ನೊಂದು ಸಲ ತೊಳೆದು ಕಳಿಸಿ ಅನ್ನಿ."

ಮೂರನೇ ಹಂತದ ಶುದ್ಧೀಕರಣ ಆಗಲಿ ಎಂದು ನಮ್ಮ ರೈತರು ಕೇಳುತ್ತಿರುವುದೂ ಅದನ್ನೇ ಅಂದೆ.

ಹಳ್ಳಕ್ಕೆ ಹೋಗುವವರು ಕಾಲು ತುಂಬ ಮುಚ್ಚುವ ಪ್ಯಾಂಟು ಹಾಕಿ, ತುದಿಯನ್ನು ಸಾಕ್ಸಿನೊಳಗೆ ಸೇರಿಸಿ. ಆ ಹುಲ್ಲಿನಲ್ಲಿ ಉಣ್ಣಿ ವಿಪರೀತ. ಪಂಚೆಯಲ್ಲಿ ಹೋದ ನನ್ನ ಮೊಣಕಾಲ ಹಿಂದಿನಿಂದ ಚಿಮಟದಲ್ಲಿ ಕಿತ್ತು ತೆಗೆಯುವಾಗ ಮಗಳು ಬೈದದ್ದು ಇಲ್ಲಿ ಬರೆಯುವಂತಿಲ್ಲ.