ಭಾವೂಚಾ ಧಕ್ಕಾಕ್ಕೆ ಹೋಗುವವರು ‘ಡಾಕ್’ ಅನ್ನಬೇಡಿ

ಟ್ಯಾಕ್ಸಿಯವನಿಗೆ ‘ಡಾಕ್’ ಎಂದದ್ದೇ ತಪ್ಪಾಯಿತು. ಮುಂಬೈಯಿಂದ ಅಲಿಬಾಗ್ ಬಳಿಯ ಮಾಂಡ್ವಾಕ್ಕೆ ರೋ-ರೋ ಹಡಗು (ವಾಹನಗಳೂ ಏರಿ ಇಳಿಯುವಂಥದ್ದು) ಹೊರಡುವುದು ಮಜಗಾಂವಿನ ಭಾವೂಚಾ ಧಕ್ಕಾದಿಂದ. ಇಂಗ್ಲಿಷಿನಲ್ಲಿ ಅದು ಫೆರಿ ವಾರ್ಫ್. ಟ್ಯಾಕ್ಸಿ ಹೋಗಿ ನಿಂತದ್ದು ಇಂದಿರಾ ಡಾಕ್‌ನ ಗೇಟಿನೆದುರು. ಪಾಸಿಲ್ಲದೆ ಒಳಗೆ ಬಿಡುವುದಿಲ್ಲ. ತಿರುಗಿ ಬರುವಷ್ಟರಲ್ಲಿ ಹಡಗು ಹೋಗಿಯಾಗಿತ್ತು. ಹಾರ್ಬರ್ ಲೈನಿನ ಡಾಕ್‌ಯಾರ್ಡ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ‘ಭಾವೂಚಾ ಧಕ್ಕಾ’ ಎಂದಿದ್ದರೆ ಸಾಕಿತ್ತು.

ಮುಂದಿನ ಹಡಗಿಗೆ ಕಾಯುವಾಗ ಮೀನಿನ ಬುಟ್ಟಿಗಳ ನಡುವೆ ಮಂಗಳೂರಿನ ಹಿರಿಯರೊಬ್ಬರು ಸಿಕ್ಕರು. “ಹಡಗು, ದೋಣಿ ನಿಲ್ಲುವ ಕಟ್ಟೆ ಯಾವುದೇ ಇರಲಿ, ನಮ್ಮಲ್ಲಿ ಎಲ್ಲದಕ್ಕೂ ಧಕ್ಕೆಯೇ ಮಾರಾಯ್ರೆ. ಇವರಿಗೆ ಒಂದೊಂದಕ್ಕೆ ಒಂದೊಂದು ಹೆಸರು. ಡಾಕ್ ಅಂದ್ರೆ ಕಟ್ಟೆಯಲ್ಲ, ಕಟ್ಟೆಯೊಳಗಿನ ನೀರು!”

ಬ್ರಿಟಿಷರ ಲೆಕ್ಕದಲ್ಲಿ ಅವರ ಮಾತು ಸರಿ. ಮುಂಬೈಯ ಕಡಲು ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನಾಲ್ಕು ಮೀಟರಿಗೂ ಹೆಚ್ಚು ಏರಿ ಇಳಿಯುತ್ತದೆ. ಅಲೆಕ್ಸಾಂಡ್ರಾ ಡಾಕ್ ಎಂಬ ಹೆಸರಿನಲ್ಲಿ 1914ರಲ್ಲಿ ತೆರೆದ ಇಂದಿರಾ ಡಾಕ್‌ಗೆ ಹಡಗು ಒಳಬರುವುದು 228.6 ಮೀಟರ್ ಉದ್ದ, 30.5 ಮೀಟರ್ ಅಗಲದ ಲಾಕ್, ಅಂದರೆ ಎರಡೂ ತುದಿಗೆ ಬಾಗಿಲಿರುವ ನೀರಿನ ಕೋಣೆಯ ಮೂಲಕ. ಇಳಿತದಲ್ಲಿ ಬಾಗಿಲು ಮುಚ್ಚಿ ಒಳಗಿನ ನೀರನ್ನು ಹಿಡಿದಿಡದಿದ್ದರೆ ಹಡಗಿನ ತಳ ಕೆಸರಿಗೆ ತಾಗೀತು. ಅಮೆರಿಕದವರು ಮಾತ್ರ ಮನೆ ಹಿಂದಿನ ಕೆರೆಗೆ ಹಾಕಿದ ಹಲಗೆ ಅಟ್ಟವನ್ನೂ ಡಾಕ್ ಎನ್ನುತ್ತಾರೆ. ಗೊಂದಲದ ಅರ್ಧ ಪಾಲು ಅಲ್ಲಿಂದಲೇ ಬಂದದ್ದು.

ವಾರ್ಫ್ ದಡದ ಉದ್ದಕ್ಕೂ ಇರುತ್ತದೆ, ಮನೆಗೆ ಜಗಲಿ ಇದ್ದಂತೆ. ಹಡಗು ಅದಕ್ಕೆ ಪಕ್ಕ ಕೊಟ್ಟು ನಿಲ್ಲುತ್ತದೆ. ಅದನ್ನೇ ಕಲ್ಲು ಕಟ್ಟಿ, ಹಿಂದೆ ಮಣ್ಣು ತುಂಬಿ ಗಟ್ಟಿ ಮಾಡಿದರೆ ಕೀ (quay). ಬರೆಯುವುದೊಂದು ಓದುವುದೊಂದು, ಕೀಲಿಕೈಯ ‘ಕೀ’ ಥರವೇ ಉಚ್ಚಾರ. ಪಿಯರ್ ದಡದಿಂದ ನೀರಿಗೆ ಚಾಚಿಕೊಳ್ಳುತ್ತದೆ, ಸಾಮಾನ್ಯವಾಗಿ ಕಂಬಗಳ ಮೇಲೆ. ಅಡಿಯಲ್ಲಿ ನೀರು ಹರಿದಾಡುವುದರಿಂದ ಹೂಳು ಕಡಿಮೆ. ಗಟ್ಟಿ ಗೋಡೆ ಹರಿವನ್ನು ತಡೆದು ಪಕ್ಕದಲ್ಲಿ ಕೆಸರು ಕೂಡಿಹಾಕುತ್ತದೆ. ಜೆಟ್ಟಿಯೂ ಹೀಗೆ ಚಾಚಿದ್ದೇ, ಹೆಸರು ‘ಎಸೆದದ್ದು’ ಎಂಬರ್ಥದ ಫ್ರೆಂಚ್ ಪದದ್ದು. ಅಮೆರಿಕದಲ್ಲಿ ಮಾತ್ರ ಅಳಿವೆಬಾಯಿ ಕಾಯುವ ಕಲ್ಲಿನ ದಂಡೆಗೆ ಆ ಹೆಸರು. ಎಲಿಫೆಂಟಾದ ಜೆಟ್ಟಿಗೆ ಪುಟಾಣಿ ರೈಲು ಬೇಕಾದಷ್ಟು ಉದ್ದ ಏಕೆಂದರೆ ದಡದ ಹತ್ತಿರ ಬರೀ ಕೆಸರು, ದೋಣಿಗೆ ಆಳ ಸಾಲದು. ಬರ್ತ್ ಎಂದರೆ ಕಟ್ಟಡವಲ್ಲ, ಒಂದು ಹಡಗು ನಿಲ್ಲುವ ಜಾಗ, ರೈಲಿನ ಬರ್ತಿನಂತೆ.

ಸುಮಾರು ಒಂದು ಗಂಟೆಯ ಪಯಣದ ಬಗ್ಗೆ ಹೇಳುವಂಥದ್ದೇನಿಲ್ಲ. ಕ್ಯಾಂಟೀನಿನ ಚಹಾ ಬರೀ ಸಕ್ಕರೆ ನೀರು.

ಮಾಂಡ್ವಾದಲ್ಲಿ ಹಡಗು ತಾಗುವುದು ತೇಲುವ ಪಾಂಟೂನಿಗೆ. ಅದು ನೀರಿನೊಂದಿಗೇ ಏರಿಳಿಯುವುದರಿಂದ ಹಡಗಿನಿಂದ ಕಾಲಿಡುವ ಎತ್ತರ ಹೆಚ್ಚು ಬದಲಾಗುವುದಿಲ್ಲ. ಬದಲಾಗುವುದು ದಡಕ್ಕೆ ಹೋಗುವ ಸೇತುವೆಯ ಇಳಿಜಾರು. ಪೂರ್ಣ ಇಳಿತದಲ್ಲಿ ಅದು ಏಣಿಯಂತೆ ಕಡಿದಾಗುತ್ತದೆ, ಭಾರದ ಸೂಟ್‌ಕೇಸ್ ಎಳೆಯುವವರು ಆ ಹೊತ್ತು ತಪ್ಪಿಸಿ. ಮುಂಬೈಯ ಗೇಟ್‌ವೇ ಆಫ್ ಇಂಡಿಯಾ ಬಳಿಯ ಅಪೊಲೊ ಬಂದರಿನಲ್ಲಿ ಲಾಂಚು (ಮೋಟಾರು ದೋಣಿ) ಹತ್ತುವುದಾದರೆ ತಲೆನೋವೇ ಬೇರೆ: ಅಲ್ಲಿರುವುದು ಕಲ್ಲಿನ ಮೆಟ್ಟಿಲು, ಇಳಿತದಲ್ಲಿ ಹೊರಬೀಳುವ ಕೆಳಗಿನವಕ್ಕೆ ಪಾಚಿ.