ಟೊಮೆಟೊ ಇಲ್ಲದ ಶ್ಟೊಲನ್

ಕೆಳಗಿನ ಮನೆ ಅಜ್ಜಿಯ ಮಗನ ಮೇಲೆ ನನಗೆ ಇನ್ನೂ ಸಿಟ್ಟು ಇಳಿದಿಲ್ಲ. ಅವನು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿ.

ಮೊನ್ನೆ 26ನೇ ತಾರೀಖು. ಕ್ರಿಸ್ಮಸ್ ಮಾರನೇ ದಿನವೂ ಇಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ರಜೆ. ಮೂರೂವರೆಗೆ ಕಾಫಿಗೆ ಬನ್ನಿ ಅಂತ ಅಜ್ಜಿ ಕರೆದಿದ್ದರು. ಇಲ್ಲಿ ಮೂರೂವರೆ ಅಂದರೆ ಮೂರೂವರೆಯೇ, ಮೂರೂ ಮುವ್ವತ್ತೆರಡಲ್ಲ. ಗಂಡ, ಮಗ, ನಾನು ಮೂವರೂ ಇಳಿದು ಹೋದೆವು. ಕೈಯಲ್ಲಿ ಒಂದು ಶ್ಟೊಲನ್ ಇತ್ತು. ಅಜ್ಜಿಗೆ ಬೆರಳು ಗಂಟಿನ ನೋವು, ಹಿಟ್ಟು ನಾದುವುದನ್ನು ಬಿಟ್ಟಿದ್ದಾರೆ. ಹಾಗಾಗಿ ಈ ಸಲ ನಾನೇ ತರುತ್ತೇನೆ ಅಂದಿದ್ದೆ. ಸುಮ್ನೆ ಯಾವುದೋ ಸೂಪರ್ ಮಾರ್ಕೆಟ್ಟಿನದಲ್ಲ. ಚಿನ್ನದ ಬಣ್ಣದ ಮುದ್ರೆ ಅಂಟಿಸಿದ, ಅಸಲಿ ಡ್ರೆಸ್ಡೆನ್ ಶ್ಟೊಲನ್.

ನೋಡದವರಿಗೆ ಹೇಳುತ್ತೇನೆ, ಶ್ಟೊಲನ್ ಅಂದರೆ ಇಲ್ಲಿನ ಕ್ರಿಸ್ಮಸ್ ಕೇಕು. ಬ್ರೆಡ್ಡಿನ ಹಾಗೆ ಉದ್ದಕ್ಕೆ ಇರುತ್ತದೆ, ಆದರೆ ಎತ್ತಿದರೆ ಕೈ ಜಗ್ಗುತ್ತದೆ. ಒಳಗೆ ಒಣದ್ರಾಕ್ಷಿ, ಬಾದಾಮಿ, ಸಕ್ಕರೆ ಪಾಕದಲ್ಲಿ ಬೆಂದ ಹಣ್ಣಿನ ಸಿಪ್ಪೆ. ಬೆಂದ ಮೇಲೆ ಕರಗಿದ ಬೆಣ್ಣೆ ಬಳಿದು, ಮೇಲೆ ಬೆಳ್ಳಗೆ ಸಕ್ಕರೆ ಪುಡಿ ಮೆತ್ತುತ್ತಾರೆ. ಬಟ್ಟೆ ಸುತ್ತಿದ ಬಾಲ ಯೇಸುವಿನ ಆಕಾರ ಅಂತ ಹೇಳುವುದುಂಟು. ಸಾಂಪ್ರದಾಯಿಕ ಹಿಟ್ಟಿಗೆ ಮೊಟ್ಟೆ ಹಾಕುವುದಿಲ್ಲ. ನಮ್ಮತ್ತೆ ಬಂದಾಗ ಅದೊಂದೇ ಕಾರಣಕ್ಕೆ ಖುಷಿಯಾಗಿ ಎರಡು ತುಂಡು ತಿಂದಿದ್ದರು. ದ್ರಾಕ್ಷಿಯನ್ನು ರಮ್ಮಿನಲ್ಲಿ ನೆನೆಹಾಕುತ್ತಾರೆ ಅನ್ನುವುದನ್ನು ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಅಜ್ಜಿ ಶ್ಟೊಲನ್ನನ್ನು ತುದಿಯಿಂದ ಕತ್ತರಿಸುವುದಿಲ್ಲ. ನಟ್ಟನಡುವೆ ಚಾಕು ಇಟ್ಟು ಎರಡು ಭಾಗ ಮಾಡಿ, ಒಳಗಿನಿಂದ ಬೇಕಾದಷ್ಟು ತುಂಡು ತೆಗೆದು, ಉಳಿದ ಎರಡನ್ನೂ ಒಂದಕ್ಕೊಂದು ಒತ್ತಿ ಇಡುತ್ತಾರೆ. ಹಾಗೆ ಮಾಡಿದರೆ ಕತ್ತರಿಸಿದ ಮುಖ ಒಣಗುವುದಿಲ್ಲ. ತಂಪಿನಲ್ಲಿಟ್ಟರೆ ವಾರಗಟ್ಟಲೆ ಇರುತ್ತದೆ, ಇಟ್ಟಷ್ಟೂ ರುಚಿ ಏರುತ್ತದೆ.

ಎಲ್ಲರಿಗೂ ಕೊಟ್ಟು, ಕಾಫಿ ಬಗ್ಗಿಸಿ, ಅಜ್ಜಿ ಒಂದು ಚೂರು ಬಾಯಿಗಿಟ್ಟರು. "ಚೆನ್ನಾಗಿದೆ" ಅಂದರು. ಇನ್ನೊಂದು ಚೂರು ತಿಂದರು. "ತುಂಬಾ ಚೆನ್ನಾಗಿದೆ. ಆದರೆ ಟೊಮೆಟೊ ಇಲ್ಲ."

ನನ್ನ ಜರ್ಮನ್ ಕೈಕೊಟ್ಟಿತು ಅಂದುಕೊಂಡೆ. ಗಂಡನ ಮುಖ ನೋಡಿದೆ. ಅವರೂ ನನ್ನ ಮುಖವನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಅಜ್ಜಿಯ ಮಗ ಫೋನಿನಿಂದ ತಲೆ ಎತ್ತಿದ. "ಅಮ್ಮ, ಸಾಕು. ಅದು ರುಚಿ ಅಲ್ಲ. ಬಡತನ."

ಅಜ್ಜಿ ತಟ್ಟೆಯ ಮೇಲೆ ಬಿದ್ದ ಸಕ್ಕರೆಯನ್ನು ಬೆರಳಲ್ಲಿ ಒತ್ತಿ ತೆಗೆಯುತ್ತಾ, "ಬಡತನ ನನಗೂ ಗೊತ್ತು. ನಾನು ಹೇಳಿದ್ದು ಟೊಮೆಟೊ ವಿಷಯ" ಅಂದರು.

ಆಗಿನಿಂದ ನನ್ನ ತಲೆಯಲ್ಲಿ ಇದೇ ಓಡುತ್ತಿದೆ. ಪಾತ್ರೆ ತೊಳೆಯುವಾಗ, ಟ್ರಾಮ್‌ನಲ್ಲಿ ಕೂತಾಗ. ಅದು ರುಚಿ ಅಲ್ಲ, ಬಡತನ. ನಾನು ಹೇಳಿದ್ದು ಟೊಮೆಟೊ ವಿಷಯ.

ಆಮೇಲೆ ಅಜ್ಜಿ ನನಗೆ ಬಿಡಿಸಿ ಹೇಳಿದರು, ಅವರ ಮಗ ಬಾಲ್ಕನಿಗೆ ಸಿಗರೇಟು ಸೇದಲು ಹೋದಾಗ. ಶ್ಟೊಲನ್‌ಗೆ ಸಿಟ್ರೊನಾಟ್ ಅಂತ ಹಾಕುತ್ತಾರೆ. ನಮ್ಮ ಹೇರಳೆಕಾಯಿ ಜಾತಿಯ ದಪ್ಪ ಸಿಪ್ಪೆಯ ಹಣ್ಣು, ಅದರ ಸಿಪ್ಪೆಯನ್ನು ಪಾಕದಲ್ಲಿ ಬೇಯಿಸಿದ್ದು. ಅದು ಬೆಳೆಯುವುದು ಬಿಸಿಲಿನ ನಾಡಲ್ಲಿ. ಆಗ ಈ ಊರು ಇದ್ದದ್ದು ಕಮ್ಯುನಿಸ್ಟ್ ಪೂರ್ವ ಜರ್ಮನಿಯಲ್ಲಿ. ಅದನ್ನು ಕೊಳ್ಳಲು ಬೇಕಾದ ವಿದೇಶಿ ಹಣ ಆ ದೇಶಕ್ಕೆ ಎಲ್ಲಿತ್ತು? ಕ್ರಿಸ್ಮಸ್ ಹೊತ್ತಿಗೆ ಕ್ಯೂಬಾದಿಂದ ಕಿತ್ತಳೆ ಬರುತ್ತಿತ್ತು. ಹಸಿರು ಬಣ್ಣ, ಬರೀ ನಾರು. ಅದಕ್ಕೂ ಕ್ಯೂ. ಹಾಗಾಗಿ ಸಿಟ್ರೊನಾಟ್ ಜಾಗಕ್ಕೆ ಹಸಿ ಟೊಮೆಟೊ ಬಂತು. ಹಣ್ಣಾಗದ ಟೊಮೆಟೊವನ್ನು ಸಕ್ಕರೆಯಲ್ಲಿ ಬೇಯಿಸಿ, ಒಣಗಿಸಿ, ಚೂರು ಮಾಡಿದ್ದು. ಕಿತ್ತಳೆ ಸಿಪ್ಪೆಯ ಜಾಗಕ್ಕೆ ಕ್ಯಾರೆಟ್. ಕ್ಯಾಂಡಿನಾಟ್ ಅಂತ ಹೆಸರಿಟ್ಟು ಸರಕಾರವೇ ತಯಾರಿಸುತ್ತಿತ್ತು. ಟೊಮೆಟೊದ್ದು ಕ್ಯಾಂಡಿನಾಟ್ ಟಿ, ಕ್ಯಾರೆಟ್‌ದು ಕ್ಯಾಂಡಿನಾಟ್ ಎಂ. ಹೆಸರು ಕೇಳಿದರೆ ಔಷಧಿ ಅಂಗಡಿಗೆ ಹೋಗಬೇಕು ಅನ್ನಿಸುತ್ತದೆ, ಅಲ್ವಾ?

ಅಜ್ಜಿ ಅಂಗಡಿಯದನ್ನು ನಂಬುತ್ತಿರಲಿಲ್ಲ. ಊರ ಅಂಚಿನಲ್ಲಿ ಅವರಿಗೆ ಒಂದು ತುಂಡು ತೋಟ ಇತ್ತು. ಇಲ್ಲಿ ಫ್ಲ್ಯಾಟಿನಲ್ಲಿ ಇರುವವರು ಹೀಗೆ ಸಣ್ಣ ತೋಟ ಬಾಡಿಗೆಗೆ ಹಿಡಿಯುತ್ತಾರೆ. ಅಕ್ಟೋಬರಿನಲ್ಲಿ ಮಂಜು ಬೀಳುವ ಮೊದಲು ಗಿಡದಲ್ಲಿ ಉಳಿದ ಹಸಿ ಟೊಮೆಟೊ ಎಲ್ಲ ಕಿತ್ತು, ದಿನಾ ಸ್ವಲ್ಪ ಸ್ವಲ್ಪ ಸಕ್ಕರೆ ಏರಿಸುತ್ತಾ ಕುದಿಸುತ್ತಿದ್ದರು. ನವೆಂಬರ್ ಕೊನೆಗೆ ಸಾಮಾನೆಲ್ಲ ಕಟ್ಟಿಕೊಂಡು ಬೀದಿಯ ಬೇಕರಿಗೆ ಹೋಗುವುದು. ಮನೆಯ ಒಲೆ ಸಾಲದು, ಬೇಕರಿಯವನೇ ಎಲ್ಲರದನ್ನೂ ಬೇಯಿಸಿ ಕೊಡುತ್ತಿದ್ದ. ಅದಲುಬದಲಾಗದಂತೆ ಒಂದೊಂದು ಶ್ಟೊಲನ್‌ಗೂ ಮನೆಯವರ ಹೆಸರಿನ ಪಟ್ಟಿ ಚುಚ್ಚುವುದು. ಆದರೂ ಪಕ್ಕದ ಮನೆಯವಳು ತಮ್ಮದನ್ನೇ ಹೊತ್ತೊಯ್ದಳು ಅಂತ ಅಜ್ಜಿಗೆ ಇವತ್ತಿಗೂ ಅನುಮಾನ ಇದೆ. ಆ ಪಕ್ಕದ ಮನೆಯವಳು ತೀರಿಕೊಂಡು ಎಷ್ಟೋ ವರ್ಷ ಆಯಿತು. ಅನುಮಾನಕ್ಕೆ ಸಾವಿಲ್ಲ.

ದ್ರಾಕ್ಷಿ, ಬಾದಾಮಿ ಎಲ್ಲಿಂದ? ಅಕ್ಕನಿಂದ. ಅಕ್ಕ ಹ್ಯಾನೋವರ್‌ನಲ್ಲಿ, ಅಂದರೆ ಆಚೆ ಕಡೆ, ಪಶ್ಚಿಮ ಜರ್ಮನಿಯಲ್ಲಿ. 1961ರಲ್ಲಿ ಬರ್ಲಿನ್ ಗೋಡೆ ಎದ್ದ ಮೇಲೆ ಅಕ್ಕ ತಂಗಿಗೆ ಉಳಿದದ್ದು ಹೆಚ್ಚಾಗಿ ಪಾರ್ಸೆಲ್, ಕಾಗದ. ಪಾರ್ಸೆಲ್ ಮೇಲೆ "ಉಡುಗೊರೆ, ವ್ಯಾಪಾರದ ಸರಕಲ್ಲ" ಅಂತ ಬರೆಯಲೇಬೇಕಿತ್ತು. ಒಳಗೆ ಏನೇನಿದೆ ಅಂತ ಪಟ್ಟಿ ಇಡಬೇಕಿತ್ತು. ಕಾಫಿ, ಚಾಕೊಲೇಟು, ದ್ರಾಕ್ಷಿ, ಬಾದಾಮಿ. ಅಕ್ಕನ ದ್ರಾಕ್ಷಿ ಹಾಕಿ ತಂಗಿ ಶ್ಟೊಲನ್ ಮಾಡಿ, ಡಿಸೆಂಬರಿನಲ್ಲಿ ಅಕ್ಕನಿಗೇ ಕಳಿಸುವುದು. ಅಜ್ಜಿಯೊಬ್ಬರೇ ಅಲ್ಲ, ಈ ಕಡೆಯ ಎಷ್ಟೋ ಮನೆಗಳಲ್ಲಿ ಹೀಗೇ ನಡೆಯುತ್ತಿತ್ತು.

ಒಂದು ಸಲ ಅಕ್ಕ ಕಾಗದ ಬರೆದಿದ್ದಳಂತೆ. "ನಿನ್ನ ಸಿಟ್ರೊನಾಟ್ ಎಷ್ಟು ಮೆತ್ತಗಿದೆ, ನಮ್ಮ ಕಡೆ ಇಂಥದ್ದು ಸಿಗುವುದಿಲ್ಲ, ಯಾವ ಅಂಗಡಿಯದು?" ಅಂತ. ಅಜ್ಜಿ ಇದನ್ನು ಹೇಳುವಾಗ ನಗು ತಡೆಯಲಾರದೆ ಕಪ್ಪನ್ನು ಕೆಳಗಿಟ್ಟರು. "ನೀವು ಏನಂತ ಉತ್ತರ ಬರೆದಿರಿ?" ಅಂತ ಕೇಳಿದೆ. "ಒಳ್ಳೇ ಅಂಗಡಿಯದು ಅಂತ ಬರೆದೆ" ಅಂದರು. ಅಕ್ಕನಿಗೆ ಕೊನೆವರೆಗೂ ನಿಜ ಹೇಳಲಿಲ್ಲವಂತೆ. ಗೋಡೆ ಬಿದ್ದ ಮೇಲೂ.

ಈಗ ಮಗನ ವಿಷಯ. ಗೋಡೆ ಬಿದ್ದಾಗ ಶಾಲೆಗೆ ಹೋಗುವ ಹುಡುಗ. ಆಮೇಲೆ ಓದಿ, ಸ್ಟುಟ್‌ಗಾರ್ಟ್ ಕಡೆ ಕೆಲಸ ಹಿಡಿದು, ಅಲ್ಲೇ ನೆಲೆನಿಂತ. ಕ್ರಿಸ್ಮಸ್‌ಗೆ ಬರುತ್ತಾನೆ. ಬಂದವನು ಅಮ್ಮನ ಫ್ರಿಜ್ ತೆಗೆದು ಯಾವುದರ ದಿನಾಂಕ ಮುಗಿದಿದೆ ನೋಡುತ್ತಾನೆ. ಅಮ್ಮನ ನೆನಪುಗಳನ್ನೂ ಹಾಗೇ ತೆಗೆದು ನೋಡಿ, ಇದು ಕೆಟ್ಟಿದೆ, ಎಸೆ ಅನ್ನುತ್ತಾನೆ. ಇಂಥವರು ನಮ್ಮಲ್ಲೂ ಇದ್ದಾರೆ. ಅಮೆರಿಕದಿಂದ ಬಂದ ನಮ್ಮ ಚಿಕ್ಕಪ್ಪ ಒಬ್ಬರು, ಇಳಿದ ದಿನವೇ ನಮ್ಮಜ್ಜಿಯ ಉಪ್ಪಿನಕಾಯಿ ಜಾಡಿ ಮುಚ್ಚಳ ತೆಗೆದು "ಇದರಲ್ಲಿ ಎಷ್ಟು ಸೋಡಿಯಂ ಗೊತ್ತಾ?" ಅಂದಿದ್ದರು.

ಆದರೆ ಬಾಲ್ಕನಿಯಿಂದ ಒಳಗೆ ಬಂದು ಅವನು ನನಗೆ ಹೇಳಿದ್ದು ಬೇರೆ. "ನಿಮಗೆ ಇದು ತಮಾಷೆಯ ಕತೆ. ಶಾಲೆಗೆ ರಜೆ ಹಾಕಿ ಕಿತ್ತಳೆಗೆ ಕ್ಯೂ ನಿಂತವನು ನಾನು. ಈಗ ಎಲ್ಲರೂ ಆ ಕಾಲದ ರುಚಿ ಅಂತಾರೆ. ನಾಳೆ ಆ ಕಾಲವೇ ಚೆನ್ನಾಗಿತ್ತು ಅಂತಾರೆ." ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಡ್ರೆಸ್ಡೆನ್ ಕಡೆಗೆ ಆಗ ಏನೂ ಅರಿಯದವರ ಕಣಿವೆ ಅಂತ ಅಡ್ಡಹೆಸರು ಇತ್ತು. ಪಶ್ಚಿಮದ ಟಿವಿ ಸಿಗ್ನಲ್ ಈ ತಗ್ಗಿಗೆ ಸರಿಯಾಗಿ ತಲುಪುತ್ತಿರಲಿಲ್ಲ. ಬೇರೆ ಊರಿನವರು ಆಚೆಯ ಜಾಹೀರಾತು ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದರೆ, ಇವರಿಗೆ ಅದೂ ಇಲ್ಲ. ಅಂಥ ಬಾಲ್ಯ ಕಳೆದವನಿಗೆ ಟೊಮೆಟೊ ಚೂರು ಕಂಡರೆ ಮೈ ಉರಿಯುವುದು ಸಹಜ. ಅಜ್ಜಿ ಮಾತ್ರ ಆ ಕಾಲ ಚೆನ್ನಾಗಿತ್ತು ಅಂತ ಒಂದು ಮಾತೂ ಆಡಲಿಲ್ಲ. ಟೊಮೆಟೊ ಇಲ್ಲ ಅಂದರು, ಅಷ್ಟೆ.

ಆಫೀಸಿನಲ್ಲಿ ಇದನ್ನು ಹೇಳಿದೆ. ನಮ್ಮ ಟೀಮಿನಲ್ಲಿ ಒಬ್ಬರು ಡ್ರೆಸ್ಡೆನ್ ಅಭಿಮಾನಿಗಳು. ಊರಿನ ಬಗ್ಗೆ ಕೇಳಿದರೂ ಹೇಳುತ್ತಾರೆ, ಕೇಳದಿದ್ದರೂ ಹೇಳುತ್ತಾರೆ. ಅವರು ಕೈ ಎತ್ತಿ ನನ್ನ ಮಾತು ನಿಲ್ಲಿಸಿ, ಟೊಮೆಟೊ ಹಾಕಿದ್ದು ಶ್ಟೊಲನ್ನೇ ಅಲ್ಲ ಅಂದರು. ಮುದ್ರೆ ಬೇಕಾದರೆ ಲೆಕ್ಕ ಇದೆ. ನೂರು ಕಿಲೋ ಹಿಟ್ಟಿಗೆ ಕಡಿಮೆ ಅಂದರೂ 50 ಕಿಲೋ ಬೆಣ್ಣೆ, 65 ಕಿಲೋ ದ್ರಾಕ್ಷಿ, 20 ಕಿಲೋ ಹಣ್ಣಿನ ಸಿಪ್ಪೆ, 15 ಕಿಲೋ ಬಾದಾಮಿ. ಮಾರ್ಗರಿನ್ ಮುಟ್ಟುವಂತಿಲ್ಲ. ಯುರೋಪ್ ಒಕ್ಕೂಟದ ರಕ್ಷಣೆ ಬೇರೆ ಇದೆ, ಡ್ರೆಸ್ಡೆನ್ ಮತ್ತು ಸುತ್ತಮುತ್ತ ಬೇಯಿಸಿದ್ದಕ್ಕೆ ಮಾತ್ರ ಆ ಹೆಸರು.

ಸರಿ ಸ್ವಾಮಿ. ಆದರೆ ಇದೇ ಮನುಷ್ಯ ಹೋದ ವರ್ಷ ನಮ್ಮನ್ನು ಇಲ್ಲಿನ ಕ್ರಿಸ್ಮಸ್ ಸಂತೆಗೆ, ಸ್ಟ್ರೀಟ್ಸೆಲ್ ಮಾರುಕಟ್ಟೆಗೆ ಕರೆದುಕೊಂಡು ಹೋಗಿ, ಕೈಗೆ ಬಿಸಿ ವೈನ್ ಕೊಟ್ಟು, ಇನ್ನೊಂದು ಕತೆ ಹೇಳಿದ್ದರು. ಆ ಮಾರುಕಟ್ಟೆ 1434ರಿಂದ ಇದೆ. ಶ್ಟೊಲನ್ ಹೆಸರು ಈ ಊರಿನ ದಾಖಲೆಯಲ್ಲಿ ಮೊದಲು ಸಿಗುವುದು 1474ರಲ್ಲಿ, ಒಂದು ಆಸ್ಪತ್ರೆಯ ಲೆಕ್ಕಪತ್ರದಲ್ಲಿ. ಆಗ ಅದು ಉಪವಾಸದ ತಿಂಡಿ. ಕ್ರಿಸ್ಮಸ್‌ಗೆ ಮುಂಚಿನ ವಾರಗಳಲ್ಲಿ ಚರ್ಚು ಬೆಣ್ಣೆ ತಿನ್ನಬಾರದು ಅಂದಿತ್ತು. ಹಿಟ್ಟು, ನೀರು, ಓಟ್ಸ್, ಎಣ್ಣೆ, ಇಷ್ಟೇ. ಎಣ್ಣೆ ವಾಸನೆ ತಡೆಯಲಾರದೆ ಇಲ್ಲಿನ ದೊರೆಗಳು ರೋಮಿಗೆ ಬರೆದು ಬರೆದು, ಕೊನೆಗೆ 1491ರಲ್ಲಿ ಪೋಪ್ ಎಂಟನೇ ಇನೊಸೆಂಟ್ ಬೆಣ್ಣೆಗೆ ಒಪ್ಪಿಗೆ ಕೊಟ್ಟರು. ಅದೂ ಪುಕ್ಕಟೆ ಅಲ್ಲ, ಚರ್ಚು ಕಟ್ಟಲು ಕಾಣಿಕೆ ಹಾಕಬೇಕಿತ್ತು.

ಹಾಗಾದರೆ ಅಸಲಿ ಯಾವುದು? ಎಣ್ಣೆಯದಾ, ಬೆಣ್ಣೆಯದಾ? ಬೆಣ್ಣೆ ಬಂದ ಮೊದಲ ವರ್ಷ ಯಾವಳೋ ಒಬ್ಬ ಮುದುಕಿ ಒಂದು ತುಂಡು ತಿಂದು, "ಚೆನ್ನಾಗಿದೆ, ಆದರೆ ಎಣ್ಣೆ ಇಲ್ಲ" ಅಂದಿರಬಹುದಲ್ಲವಾ? ಅವಳ ಮಗ "ಅಮ್ಮ, ಸಾಕು" ಅಂದಿರುತ್ತಾನೆ. ಇದನ್ನು ಅಭಿಮಾನಿಗಳಿಗೆ ಹೇಳಿದೆ. ಅವರಿಗೆ ಮೀಟಿಂಗ್ ನೆನಪಾಯಿತು.

ಅವತ್ತು ರಾತ್ರಿ ಅಮ್ಮನಿಗೆ ಫೋನ್ ಮಾಡಿದಾಗ ಎಲ್ಲ ಹೇಳಿದೆ. ಅಮ್ಮನಿಗೆ ಜರ್ಮನಿಯ ಗೋಡೆಯಲ್ಲಿ ಆಸಕ್ತಿ ಇಲ್ಲ. "ಹಸಿ ಟೊಮೆಟೊ ತಾನೇ? ಅದರಲ್ಲೇನು ವಿಶೇಷ? ನೀನು ಚಿಕ್ಕವಳಿದ್ದಾಗ ಬೇಕರಿ ಕೇಕಲ್ಲಿ ಆರಿಸಿ ಆರಿಸಿ ತಿಂತಿದ್ದೆಯಲ್ಲ, ಅದು ಪರಂಗಿಕಾಯಿ" ಅಂದಳು.

ಹೌದಲ್ಲ! ಚನ್ನರಾಯಪಟ್ಟಣದಲ್ಲಿ ನಮ್ಮ ಬೀದಿಯ ಅಯ್ಯಂಗಾರ್ ಬೇಕರಿಯ ಟೂಟಿಫ್ರೂಟಿ. ಕೆಂಪು, ಹಸಿರು, ಹಳದಿ ಚೌಕ. ಕೇಕಲ್ಲಿ, ಬನ್ನಲ್ಲಿ, ದಿಲ್‌ಪಸಂದ್ ಒಳಗೆ ಕೊಬ್ಬರಿ ಜತೆ. ಮೂರು ಬಣ್ಣಕ್ಕೆ ಮೂರು ಹಣ್ಣು ಅಂದುಕೊಂಡಿದ್ದೆವು. ನಾನು ಹಸಿರಿಗೆ, ನನ್ನ ತಮ್ಮ ಕೆಂಪಿಗೆ ಜಗಳ ಆಡುತ್ತಿದ್ದೆವು. ಎಲ್ಲಾ ಒಂದೇ ಪರಂಗಿಕಾಯಿ, ಪಾಕ, ಬಣ್ಣ. ಈಗ ಬೆಂಗಳೂರಿನಿಂದ ಯಾರೋ ದುಬಾರಿ ಪ್ಲಮ್ ಕೇಕ್ ತಂದುಕೊಟ್ಟರೆ, ಒಳಗೆ ನಿಜವಾದ ಕಿತ್ತಳೆ ಸಿಪ್ಪೆ, ಚೆರ್ರಿ ಎಲ್ಲ ಇರುತ್ತದೆ. ತುಂಬಾ ಚೆನ್ನಾಗಿಯೂ ಇರುತ್ತದೆ. ಆದರೆ.

ನಮ್ಮ ಪರಂಗಿಕಾಯಿಯನ್ನು ಯಾರೂ ಬಡತನ ಅನ್ನಲಿಲ್ಲ. ಯಾಕೆ ಅಂತ ಯೋಚಿಸಿದೆ. ನಮಗೆ ಹ್ಯಾನೋವರ್‌ನಲ್ಲಿ ಅಕ್ಕ ಇರಲಿಲ್ಲ. ಸಿಟ್ರೊನಾಟ್ ಅನ್ನುವುದೊಂದು ಇದೆ ಅಂತಲೇ ಗೊತ್ತಿಲ್ಲದವರಿಗೆ ಅದು ಬದಲಿ ಹೇಗಾಗುತ್ತದೆ? ಬದಲಿ ಅಂತ ಗೊತ್ತಿದ್ದರೆ ತಾನೇ ಅವಮಾನ. ಅಜ್ಜಿಯ ಮಗನಿಗೆ ಗೊತ್ತಿತ್ತು, ಪಾರ್ಸೆಲ್ ಬಿಚ್ಚುವಾಗೆಲ್ಲ ಗೊತ್ತಾಗುತ್ತಿತ್ತು. ಅದಕ್ಕೇ ಅವನಿಗೆ ಟೊಮೆಟೊ ಕಂಡರೆ ಆಗುವುದಿಲ್ಲ ಅನ್ನಿಸಿತು. ಮರುದಿನ ಅದೂ ಪೂರ್ತಿ ಸರಿಯಲ್ಲ ಅನ್ನಿಸಿತು. ಅಜ್ಜಿಗೂ ಗೊತ್ತಿತ್ತಲ್ಲ. ಮಗನಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಕ್ಯೂ ನಿಂತವನಿಗೆ ಉಳಿದದ್ದು ಕ್ಯೂ. ಮಂಜಿಗೆ ಮುಂಚೆ ಟೊಮೆಟೊ ಕಿತ್ತು, ಪಾಕದ ಹದ ನೋಡಿ, ಆಚೆ ಕಡೆಯ ಅಕ್ಕನನ್ನೇ ಮರುಳು ಮಾಡಿದವಳು ಅಜ್ಜಿ. ಅದು ಅವರ ಕೈಕೆಲಸ. ಕೈಕೆಲಸವನ್ನು ಬಡತನ ಅಂದುಬಿಟ್ಟರೆ ಯಾರಿಗೆ ತಾನೇ ಸಹಿಸುತ್ತದೆ?

ಅವನಿಗೆ ಇದನ್ನು ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ಹೊರಟು ಹೋಗಿದ್ದ. ಫ್ರಿಜ್ಜಿನಿಂದ ಮೂರು ಡಬ್ಬಿ ಎಸೆದು ಹೋಗಿದ್ದಾನಂತೆ, ಅದರಲ್ಲಿ ಒಂದು ನಾನು ಕೊಟ್ಟ ನಿಂಬೆಕಾಯಿ ಉಪ್ಪಿನಕಾಯಿ. ಸಿಟ್ಟು ಇಳಿಯದಿರಲು ಅದೂ ಒಂದು ಕಾರಣ, ಸುಳ್ಳು ಯಾಕೆ ಹೇಳಲಿ.

ಸದ್ಯಕ್ಕೆ ಒಂದು ತೀರ್ಮಾನ ಆಗಿದೆ. ಬರುವ ಅಕ್ಟೋಬರಿನಲ್ಲಿ ಹಸಿ ಟೊಮೆಟೊ ಹುಡುಕುವುದು, ಅಜ್ಜಿ ಕುರ್ಚಿ ಹಾಕಿಕೊಂಡು ಕೂರುವುದು, ನಾನು ಕುದಿಸುವುದು. ಆದರೆ ವಿಧಾನದಲ್ಲಿ ಈಗಲೇ ಜಗಳ ಶುರುವಾಗಿದೆ. ಅಜ್ಜಿಯ ಪ್ರಕಾರ ಅವಸರ ಮಾಡದೆ ದಿನಾ ಸ್ವಲ್ಪ ಸಕ್ಕರೆ ಏರಿಸಬೇಕು. ಅಮ್ಮನ ಪ್ರಕಾರ ಅದೆಲ್ಲ ಬೇಡ. ಹೋಳನ್ನು ಮೊದಲು ಸುಣ್ಣದ ತಿಳಿಯಲ್ಲಿ ನೆನೆಸಿ, ಚೆನ್ನಾಗಿ ತೊಳೆದು, ಒಂದೆಳೆ ಪಾಕಕ್ಕೆ ಹಾಕಿದರೆ ಮುಗಿಯಿತು, ಗಟ್ಟಿಯಾಗಿ ನಿಲ್ಲುತ್ತದೆ. ನಾನು ನಡುವೆ ಕೂತು ಇವರದನ್ನು ಅವರಿಗೆ, ಅವರದನ್ನು ಇವರಿಗೆ ತಿಳಿಸುತ್ತಿದ್ದೇನೆ. ಅಜ್ಜಿಗೆ ಸುಣ್ಣ ಅಂದ ತಕ್ಷಣ ಗೋಡೆಗೆ ಬಳಿಯುವುದು ನೆನಪಾಗಿ, ನನ್ನನ್ನು ಎರಡೆರಡು ಸಲ ಕೇಳಿದರು. ಅಮ್ಮನಿಗೆ, ಅಷ್ಟು ದೊಡ್ಡ ಊರಿನಲ್ಲಿ ತಿನ್ನುವ ಸುಣ್ಣ ಸಿಗುವುದಿಲ್ಲವಾ ಅಂತ ಆಶ್ಚರ್ಯ. "ಒಂದು ಪೊಟ್ಟಣ ಪುಡಿ ಮಾಡಿ ಪಾರ್ಸೆಲ್ ಹಾಕ್ತೀನಿ ಬಿಡು" ಅಂದಳು. ಬಿಳೀ ಪುಡಿ ತುಂಬಿದ ಪೊಟ್ಟಣವನ್ನು ದಯವಿಟ್ಟು ಜರ್ಮನಿಗೆ ಕಳಿಸಬೇಡ ತಾಯಿ ಅಂತ ಫೋನಿನಲ್ಲೇ ಕೈ ಮುಗಿದಿದ್ದೇನೆ.